ಕೆರೆ ದೊಡ್ಡದು, ತೂಬು ಚಿಕ್ಕದು

ಹಾಲಿನ ಲೆಕ್ಕಕ್ಕೆ ದಿನದಲ್ಲಿ ಎರಡೇ ಹೊತ್ತು, ಬೆಳಗಿನ ಸರದಿ ಮತ್ತು ಸಂಜೆಯ ಸರದಿ. ಉಳಿದ ಹೊತ್ತು ನಮ್ಮ ಡೇಟಾಬೇಸ್ ಸರ್ವರ್ ಆಕಳಿಸುತ್ತ ಕುಳಿತಿರುತ್ತದೆ. ಆ ಎರಡು ಹೊತ್ತಿನಲ್ಲಿ ಮಾತ್ರ ಹಳ್ಳಿಗಳ ಸಂಗ್ರಹ ಕೇಂದ್ರಗಳಿಂದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ ಹೊತ್ತ ಸಾಲುಗಳು ಒಂದರ ಬೆನ್ನಿಗೊಂದು ಬಂದು ಬೀಳುತ್ತವೆ. ಒಂದೊಂದು ಸಾಲೂ ಸುಮಾರು 150 ಬೈಟ್. ಇಷ್ಟು ಚಿಲ್ಲರೆ ಲೆಕ್ಕಕ್ಕೆ ಡಿಸ್ಕ್ ಸೋಲಬಹುದು ಎಂದು ನಾನು ಎಣಿಸಿರಲಿಲ್ಲ.

ಆ ಡಿಸ್ಕ್‌ಗಳನ್ನು ಆರಿಸಿದವನು ನಾನೇ. ಖರೀದಿ ವಿಭಾಗದವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಟಿಬಿ ಬೇಕು?" ನಾನೂ ಟಿಬಿಯಲ್ಲೇ ಉತ್ತರ ಕೊಟ್ಟೆ. ಆಗ ಇದ್ದ ಡೇಟಾ 300 ಜಿಬಿ. ಅದರ ಬೆಳವಣಿಗೆಯನ್ನು ಧಾರಾಳವಾಗಿ ಗುಣಿಸಿ, 7200 ಆರ್‌ಪಿಎಂನ 4 ಟಿಬಿ ಡಿಸ್ಕ್ ಆರು ತರಿಸಿ ರೈಡ್ 5 ಕಟ್ಟಿದೆ, ಎಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಆರನ್ನೂ ಒಂದಾಗಿ ಜೋಡಿಸಿದೆ. ಒಂದು ಡಿಸ್ಕಿನಷ್ಟು ಜಾಗ ಆ ರಕ್ಷಣೆಗೆ ಹೋಗಿ 20 ಟಿಬಿ ಸಿಕ್ಕಿತು. ಇನ್ನು ಹತ್ತು ವರ್ಷ ಈ ಕಡೆ ತಲೆ ಹಾಕಬೇಕಿಲ್ಲ ಎಂದು ಮನೆಯಲ್ಲೂ ಹೇಳಿಕೊಂಡಿದ್ದೆ.

ಒಂದೂವರೆ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಆರೂಕಾಲಿಗೆ ಫೋನ್ ಬಂತು. ಕೇಂದ್ರವೊಂದರ ಕಾರ್ಯದರ್ಶಿ. "ಸರ್, ಚೀಟಿ ಬರುತ್ತಿಲ್ಲ. ಜನ ಕ್ಯಾನ್ ಹಿಡಿದು ರಸ್ತೆಯವರೆಗೆ ನಿಂತಿದ್ದಾರೆ. ಲಾರಿ ಬಂದರೆ ನಾನೇನು ಹೇಳಲಿ?" ಹಿಂದೆಯೇ ಇನ್ನೊಂದು ಫೋನ್, ಮತ್ತೊಂದು. ಲ್ಯಾಪ್‌ಟಾಪ್ ತೆರೆದು ನೋಡಿದರೆ ಸಿಪಿಯು ಖಾಲಿ, ಮೆಮೊರಿ ಧಾರಾಳ. ಡಿಸ್ಕ್ ಮಾತ್ರ ನೂರಕ್ಕೆ ನೂರು ಮುಳುಗಿತ್ತು. ಒಂದೊಂದು ಬರಹಕ್ಕೂ ಸುಮಾರು 400 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಪಕ್ಕದ ಕಿಟಕಿಯಲ್ಲಿ 19 ಟಿಬಿಗೂ ಹೆಚ್ಚು ಜಾಗ ಖಾಲಿ ಇದೆ ಎಂದು ಅದೇ ಸರ್ವರ್ ಹೇಳುತ್ತಿತ್ತು.

ಸತ್ತದ್ದು ಒಂದು ಬ್ಯಾಟರಿ. ಈ ಡಿಸ್ಕ್‌ಗಳನ್ನು ನಡೆಸುವ ರೈಡ್ ಕಾರ್ಡಿನ ಮೇಲೆ ಕ್ಯಾಶ್ ಮೆಮೊರಿ ಇರುತ್ತದೆ. ಬರಹ ಅಲ್ಲಿಗೆ ತಲುಪಿದ ಕೂಡಲೇ ಕಾರ್ಡು "ಆಯಿತು" ಎನ್ನುತ್ತದೆ, ಡಿಸ್ಕ್‌ಗೆ ಆಮೇಲೆ ನಿಧಾನವಾಗಿ ಇಳಿಸುತ್ತದೆ. ಕರೆಂಟ್ ಹೋದರೆ ಆ ಮೆಮೊರಿಯನ್ನು ಕಾಯುವುದು ಬ್ಯಾಟರಿ. ಅದು ಕೈಕೊಟ್ಟಾಗ ನಮ್ಮ ಕಾರ್ಡು ಬುದ್ಧಿವಂತಿಕೆಯಿಂದಲೇ ಕ್ಯಾಶ್ ಬಿಟ್ಟು ನೇರವಾಗಿ ಡಿಸ್ಕ್‌ಗೆ ಬರೆಯಲು ಶುರುಮಾಡಿತ್ತು. ಎಚ್ಚರಿಕೆಯ ಸಾಲು ಲಾಗ್‌ನಲ್ಲಿ ಹಿಂದಿನ ರಾತ್ರಿಯೇ ಬಿದ್ದಿತ್ತು. ಓದುವವರು ಯಾರೂ ಇರಲಿಲ್ಲ.

ಖರೀದಿಗೆ ಮೊದಲೇ ಹಾಕಬೇಕಿದ್ದ ಲೆಕ್ಕವನ್ನು ಅಂದು ಕಾಗದದ ಮೇಲೆ ಹಾಕಿದೆ. 7200 ಆರ್‌ಪಿಎಂ ಡಿಸ್ಕ್ ಒಂದು ಸೆಕೆಂಡಿಗೆ ಚದುರಿದ ಕಡೆಗಳಲ್ಲಿ ಮಾಡಬಲ್ಲ ಕೆಲಸ ಸುಮಾರು 80. ಆರು ಡಿಸ್ಕ್‌ಗೆ 480. ರೈಡ್ 5ರಲ್ಲಿ ಒಂದು ಸಣ್ಣ ಬರಹವೆಂದರೆ ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾವನ್ನು ಮರಳಿ ಪಡೆಯಲು ಇಡುವ ತಾಳೆ ಲೆಕ್ಕ) ಓದು, ಎರಡನ್ನೂ ಹೊಸದಾಗಿ ಬರೆ. ಒಂದರ ಬದಲು ನಾಲ್ಕು ಕೆಲಸ. ಉಳಿದದ್ದು ಸೆಕೆಂಡಿಗೆ 120 ಬರಹ. 20 ಟಿಬಿಯ ಕೆರೆಗೆ ಇಷ್ಟೇ ತೂಬು. ಇಷ್ಟು ದಿನ ನನ್ನ ಮಾನ ಉಳಿಸಿದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿ.

ಇನ್ನು ಆ 150 ಬೈಟ್ ಎಂಬುದೂ ಸುಳ್ಳು ಲೆಕ್ಕ. ನಮ್ಮ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಡಿಸ್ಕ್‌ನೊಡನೆ ವ್ಯವಹರಿಸುವುದು 8 ಕೆಬಿಯ ಪುಟಗಳಲ್ಲಿ. ನಮ್ಮ ಟೇಬಲ್‌ಗೆ ಬೇಗ ಹುಡುಕಲೆಂದು ಮೂರು ಇಂಡೆಕ್ಸ್ (ಸೂಚಿ) ಇದ್ದವು, ಆದ್ದರಿಂದ ಒಂದು ಸಾಲು ಸೇರಿದರೆ ಕಡಿಮೆಯೆಂದರೂ ನಾಲ್ಕು ಪುಟ ಮುಟ್ಟಬೇಕು. ಸಾಲದ್ದಕ್ಕೆ, ಪ್ರತಿ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿ ಬದಲಾದ ಪುಟಗಳನ್ನೆಲ್ಲ ಡಿಸ್ಕ್‌ಗೆ ಇಳಿಸುವ ಹಂತ) ಆದ ಮೇಲೆ ಮೊದಲ ಸಲ ಮುಟ್ಟಿದ ಪುಟದ ಪೂರ್ತಿ ನಕಲು ವಾಲ್ ಕಡತಕ್ಕೂ (ಪ್ರತಿ ಬದಲಾವಣೆಯನ್ನು ಮೊದಲೇ ಬರೆದಿಡುವ ದಿನಚರಿ) ಹೋಗುತ್ತದೆ. ಚೆಕ್‌ಪಾಯಿಂಟ್ ಆಗುತ್ತಿದ್ದುದು ಐದು ನಿಮಿಷಕ್ಕೊಮ್ಮೆ; ಹಾಗೆಯೇ ಬಂದಿತ್ತು, ನಾನು ಬದಲಿಸಿರಲಿಲ್ಲ.

ಅಂದು ಹೇಗೋ ದಾಟಿದೆವು. ಕಿರಿಯ ಸಹೋದ್ಯೋಗಿಯೊಬ್ಬ ಎಫ್‌ಸಿಂಕ್ (ಬರಹ ನಿಜಕ್ಕೂ ಡಿಸ್ಕ್ ತಲುಪಿತೆಂದು ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ) ಆಫ್ ಮಾಡೋಣ ಎಂದ, ಬೇಡವೆಂದೆ. ಅದು ಆಫ್ ಇದ್ದಾಗ ಕರೆಂಟ್ ಹೋದರೆ ಡೇಟಾಬೇಸೇ ಕೆಡಬಹುದು. ಬದಲಿಗೆ ಸಿಂಕ್ರನಸ್ ಕಮಿಟ್ (ಪ್ರತಿ ಸಾಲೂ ಡಿಸ್ಕ್ ಸೇರುವವರೆಗೆ ಕಾಯುವುದು) ಆಫ್ ಮಾಡಿದೆವು. ಸರ್ವರ್ ಬಿದ್ದರೆ ಕೊನೆಯ ಒಂದೆರಡು ಕ್ಷಣದ ಸಾಲುಗಳು ಹೋಗಬಹುದು, ಉಳಿದದ್ದು ಕೆಡುವುದಿಲ್ಲ. ಕೇಂದ್ರದ ಯಂತ್ರದಲ್ಲಿ ಪ್ರತಿ ಚೀಟಿಯ ನಕಲು ಇರುವುದರಿಂದ ಅವನ್ನು ಮತ್ತೆ ಕಳುಹಿಸಿಕೊಳ್ಳಬಹುದಿತ್ತು. ಬ್ಯಾಂಕಿನ ಲೆಕ್ಕವಾಗಿದ್ದರೆ ಈ ದಾರಿ ಹಿಡಿಯುತ್ತಿರಲಿಲ್ಲ. ಏಳು ಗಂಟೆಯ ಹೊತ್ತಿಗೆ ಕೇಂದ್ರಗಳ ಮುಂದಿನ ಜನರ ಸಾಲು ಕರಗಿತು.

ಮುಂದಿನ ವಾರ ಖರೀದಿ ಅಧಿಕಾರಿಯ ಮುಂದೆ ಹೊಸ ಕಡತ ಇಟ್ಟೆ: 1.92 ಟಿಬಿಯ ಸರ್ವರ್ ದರ್ಜೆಯ ಎಸ್‌ಎಸ್‌ಡಿ ನಾಲ್ಕು, ರೈಡ್ 10 (ಪ್ರತಿ ಡಿಸ್ಕ್‌ಗೂ ಒಂದು ಜೋಡಿ ನಕಲು, ಪ್ಯಾರಿಟಿಯ ಗೊಡವೆಯಿಲ್ಲ). ಕರೆಂಟ್ ಹೋದಾಗ ಒಳಗಿದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್ ಇರುವಂಥವು. ಅವರು ಕನ್ನಡಕ ತೆಗೆದು ಕೇಳಿದರು: "20 ಇದ್ದದ್ದನ್ನು 4 ಮಾಡಲು ಇನ್ನಷ್ಟು ಹಣವೇ?" ಅವರ ಊರಿನ ಜಮೀನು ಕೆರೆಯ ಅಚ್ಚುಕಟ್ಟಿನಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಕೆರೆ ತುಂಬಿದ್ದರೂ ತೂಬಿನಲ್ಲಿ ನೀರು ಬಾರದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಹಳೆಯ ಆರು ಡಿಸ್ಕ್‌ಗಳು ಈಗ ಬ್ಯಾಕಪ್‌ಗೆ ದುಡಿಯುತ್ತಿವೆ. ಒಂದೇ ಸಮನೆ ಉದ್ದಕ್ಕೆ ಬರೆಯುವ ಆ ಕೆಲಸಕ್ಕೆ ಅವು ಹೇಳಿ ಮಾಡಿಸಿದಂತಿವೆ.

ಜಾಗದ ಲೆಕ್ಕವೇ ಬೇಡ ಎಂದಲ್ಲ. ವಾಲ್‌ಗೆ ಬೇರೆಯೇ ಪಾರ್ಟಿಷನ್ (ಡಿಸ್ಕಿನ ಪ್ರತ್ಯೇಕ ಭಾಗ) ಕೊಟ್ಟ ಮೇಲೆ ಒಮ್ಮೆ ಡೇಟಾದ ನಕಲು ಇಟ್ಟುಕೊಳ್ಳುವ ರೆಪ್ಲಿಕಾ ಸರ್ವರ್ ಎರಡು ದಿನ ಕೆಟ್ಟಿತ್ತು. ಅದು ಬಂದು ಓದಿಕೊಳ್ಳಲಿ ಎಂದು ಅದರ ಸ್ಲಾಟ್ (ಅದು ಎಲ್ಲಿಯವರೆಗೆ ಓದಿದೆ ಎಂಬ ಗುರುತು) ಹಳೆಯ ವಾಲ್ ಕಡತಗಳನ್ನೆಲ್ಲ ಹಿಡಿದಿಟ್ಟುಕೊಂಡಿತು. 16 ಎಂಬಿಯ ಕಡತಗಳೇ, ಆದರೆ ಸಾವಿರಗಟ್ಟಲೆ. ಪಾರ್ಟಿಷನ್ ತುಂಬಿ ಡೇಟಾಬೇಸ್ ನಿಂತಿತು. ಹಳೆಯ ಕಡತಗಳನ್ನು ಕೈಯಾರೆ ಅಳಿಸಲು ಹೊರಟವನ ಕೈ ಹಿಡಿದು ನಿಲ್ಲಿಸಿದೆ. ಅವುಗಳಲ್ಲಿ ಯಾವುದು ಬೇಕು ಯಾವುದು ಬೇಡ ಎಂಬುದು ಪೋಸ್ಟ್‌ಗ್ರೆಸ್‌ಗೆ ಮಾತ್ರ ಗೊತ್ತು. ಈಗ ಸ್ಲಾಟ್‌ಗೆ ಮಿತಿ ಹಾಕಿದ್ದೇವೆ, 13ನೇ ಆವೃತ್ತಿಯಿಂದ ಆ ಸೌಲಭ್ಯವಿದೆ. ಜೊತೆಗೆ ಅದೇ ಪಾರ್ಟಿಷನ್‌ನಲ್ಲಿ ಏನೂ ಇಲ್ಲದ 10 ಜಿಬಿಯ ಫೈಲ್ ಒಂದನ್ನು ಇಟ್ಟಿದ್ದೇನೆ, ಉಸಿರುಗಟ್ಟಿದಾಗ ಅಳಿಸಿ ಜಾಗ ಮಾಡಿಕೊಳ್ಳಲು. ಹೊಸದಾಗಿ ಸೇರಿದವರು ಅದನ್ನು ಕಸವೆಂದು ತಿಳಿದು ಎರಡು ಸಲ ಗುಡಿಸಿ ಹಾಕಿದ್ದಾರೆ. ಎರಡು ಸಲವೂ ಬೈಯದೆ ಮತ್ತೆ ಮಾಡಿ ಇಟ್ಟೆ, ಈಗ ಹೆಸರನ್ನೇ "ಮುಟ್ಟಬೇಡಿ" ಎಂದು ಇಟ್ಟಿದ್ದೇನೆ.