ಹುಲ್ಲುಹೆಂಟೆಯ ಮನೆ

160 ಎಕರೆ ಜಮೀನು, ಶುಲ್ಕ ಬರೀ 18 ಡಾಲರ್! ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯ್ದೆ ಕೇಳಲಿಕ್ಕೆ ಚಂದ. ಆದರೆ ಐದು ವರ್ಷ ಅಲ್ಲೇ ಇದ್ದು ಉತ್ತು ತೋರಿಸಬೇಕಿತ್ತು. ನೆಬ್ರಾಸ್ಕಾದ ಬಯಲಲ್ಲಿ ಮನೆ ಕಟ್ಟೋಣವೆಂದರೆ ಮರವೇ ಅಪರೂಪ. (ಆ 'ಖಾಲಿ' ನೆಲದಲ್ಲಿ ಮೊದಲೇ ಪಾನೀ ಎಂಬ ಮೂಲನಿವಾಸಿ ಜನರಿದ್ದರು, ಪುಕ್ಕಟೆ ಅನ್ನುವಾಗ ಅದು ಯಾರಿಗೂ ನೆನಪಾಗುವುದಿಲ್ಲ.)

ಹಾಗಾಗಿ ರೈತರು ಹುಲ್ಲು ಬೆಳೆದ ನೆಲವನ್ನೇ ಇಟ್ಟಿಗೆಯಂತೆ ಕತ್ತರಿಸಿದರು. ನೇಗಿಲಿನಿಂದ ಒಂದಡಿ ಅಗಲ, ನಾಲ್ಕು ಇಂಚು ದಪ್ಪದ ಪಟ್ಟಿ ಎಬ್ಬಿಸಿ, ಸನಿಕೆಯಲ್ಲಿ ಎರಡೆರಡು ಅಡಿಗೆ ತುಂಡು ಮಾಡುವುದು. ಅಂದು ಕಟ್ಟುವಷ್ಟನ್ನೇ ಅಂದು ಕಡಿಯಬೇಕು, ಒಣಗಿದರೆ ಪುಡಿಪುಡಿ. ಹುಲ್ಲಿನ ಮುಖ ಕೆಳಗೆ ಮಾಡಿ ಎರಡು ಸಾಲು ಜೋಡಿಸಿ, ಮೂರು-ನಾಲ್ಕು ವರಸೆಗೊಮ್ಮೆ ಅಡ್ಡ ಇಟ್ಟರೆ ಗೋಡೆ ಬಾಯಿಬಿಡುವುದಿಲ್ಲ. 16 ಅಡಿಗೆ 20 ಅಡಿಯ ಮನೆಗೆ ಸುಮಾರು ಅರ್ಧ ಎಕರೆ ಹುಲ್ಲುನೆಲ ಬೇಕು. ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಟ್ಟು ಚಿಂದಿ ತುರುಕಬೇಕು, ಇಲ್ಲವಾದರೆ ಗೋಡೆ ಕುಗ್ಗುವಾಗ ಗಾಜು ಒಡೆಯುತ್ತದೆ.

ಗೋಡೆ ಸರಿ, ಮಣ್ಣಿನ ಸೂರೇ ಶತ್ರು. ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರು ತೊಟ್ಟಿಕ್ಕುತ್ತಿತ್ತು. ಮಣ್ಣು, ಹುಳ, ಒಮ್ಮೊಮ್ಮೆ ಹಾವು ಅಡುಗೆಗೆ ಬೀಳದಂತೆ ಹೆಂಗಸರು ಸೂರಿನಡಿ ಬಟ್ಟೆ ಕಟ್ಟುತ್ತಿದ್ದರು. ಒಲೆಗೆ ಮೊದಲು ಬೈಸನ್ನಿನ (ಅಮೆರಿಕದ ಕಾಡುದನ), ಆಮೇಲೆ ಸಾಕುದನದ ಒಣಸಗಣಿ. ಆರಿಸಿ ತರುವುದು ಮಕ್ಕಳ ಪಾಲು. ಬೇಗ ಉರಿದುಹೋಗುವ ಅದನ್ನು ಬ್ರೆಡ್ ಬೇಯುವಷ್ಟರಲ್ಲಿ ಎಷ್ಟು ಸಲ ಒಲೆಗೆ ಹಾಕಬೇಕಿತ್ತೋ!