ಆಷಾಢಕ್ಕೆ ಮುಂಚೆ ಮುಗಿಸಿಬಿಟ್ಟ ಮದುವೆ

2023ರ ಪಂಚಾಂಗ ನೆನಪಿರುವವರಿಗೆ ನಮ್ಮ ಮನೆಯ ಗಡಿಬಿಡಿ ಅರ್ಥವಾಗುತ್ತದೆ. ಆ ವರ್ಷ ಜೂನ್ 19ಕ್ಕೆ ಆಷಾಢ ಶುರು. ಜುಲೈ 17ಕ್ಕೆ ಭೀಮನ ಅಮಾವಾಸ್ಯೆ. ಮಾರನೇ ದಿನದಿಂದಲೇ ಅಧಿಕ ಶ್ರಾವಣ, ಅದು ಮುಗಿಯುವುದು ಆಗಸ್ಟ್ 16ಕ್ಕೆ. ಅಂದ್ರೆ ಹತ್ತಿರ ಹತ್ತಿರ ಎರಡು ತಿಂಗಳು ಮುಹೂರ್ತವೇ ಇಲ್ಲ. ನನ್ನ ತಂಗಿಯನ್ನು ನೋಡಲು ಹುಡುಗನ ಕಡೆಯವರು ಬಂದಿದ್ದು ಮೇ ತಿಂಗಳ ನಡುವೆ. ಅವರ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. "ಅಜ್ಜಿ ಕಣ್ಮುಂದೆ ಒಂದು ಶುಭಕಾರ್ಯ ಆಗಿಬಿಡಲಿ" ಅಂದಮೇಲೆ ಬೇಡ ಅನ್ನೋದಕ್ಕೆ ಯಾರಿಗೆ ಬಾಯಿ ಬರುತ್ತೆ? ಜೂನ್ ಮೊದಲ ವಾರ ತೀರ್ಥಹಳ್ಳಿಯಲ್ಲಿ ಒಂದು ಸಭಾಭವನ ಖಾಲಿ ಸಿಕ್ಕಿತು. ಯಾರದೋ ಮದುವೆ ಮುರಿದು ಖಾಲಿಯಾಗಿದ್ದು ಅದು. ಅಪಶಕುನ ಅಂತ ಆಗ ಒಬ್ಬರಿಗೂ ಅನಿಸಲಿಲ್ಲ. ಈಗ ಕೇಳಿದರೆ ಎಲ್ಲರೂ "ನಂಗೆ ಅವತ್ತೇ ಅನ್ನಿಸಿತ್ತು" ಅಂತಾರೆ.

ಜಾತಕದಲ್ಲಿ 36ಕ್ಕೆ 24 ಗುಣ ಕೂಡಿತ್ತು. 18 ಬಂದರೆ ಪಾಸು ಅನ್ನುವ ಲೆಕ್ಕದಲ್ಲಿ ಇದು ಫಸ್ಟ್ ಕ್ಲಾಸು. ನಾಡಿಗೆ 8, ರಾಶಿಗೆ 7, ಗಣಕ್ಕೆ 6 ಅಂತ ಎಲ್ಲದಕ್ಕೂ ಅಂಕ ಇದೆ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಹುಡುಗ ಎದ್ದು ಬಾಲ್ಕನಿಗೆ ಹೋಗ್ತಾನಾ ಅನ್ನೋದಕ್ಕೆ ಮಾತ್ರ ಅಂಕ ಇಲ್ಲ. ನಿಶ್ಚಿತಾರ್ಥದಿಂದ ಧಾರೆಯವರೆಗೆ ಇಬ್ಬರೂ ದಿನಾ ಮಾತಾಡುತ್ತಿದ್ದರು, ಅದೇನೋ ನಿಜ. ಆದರೆ ಮಾತೆಲ್ಲ ಬ್ಲೌಸು, ಕರೆಯೋಲೆ, ಫೋಟೋದವನಿಗೆ ಅಡ್ವಾನ್ಸು, ಯಾವ ಚಿಕ್ಕಮ್ಮನಿಗೆ ಯಾವ ಸೀರೆ ಅನ್ನೋದರಲ್ಲೇ ಮುಗಿಯಿತು.

ಮದುವೆಯಾಗಿ ಬೆಂಗಳೂರಿಗೆ ಹೋದಳು. ಭಾವನದು ಹೊರದೇಶದ ಕ್ಲೈಂಟಿಗೆ ಕೆಲಸ, ಸಂಜೆ ಶುರುವಾಗಿ ನಡುರಾತ್ರಿಯವರೆಗೆ ಮೀಟಿಂಗು. (ತಂಗಿ ಗಂಡ ನನಗಿಂತ ಚಿಕ್ಕವನು, ಆದರೂ ನಮ್ಮ ಕಡೆ ಭಾವ ಅಂತಲೇ ಕರೆಯೋದು.) ಮೊದಲ ವಾರದಲ್ಲೇ ಅವನ ಫೋನಿಂದ ಮದುವೆ ಫೋಟೋ ಕಳಿಸಿಕೊಳ್ಳಲು ಹೋಗಿ ಅವಳ ಕಣ್ಣಿಗೆ ಒಂದು ಬೀಗ ಬಿತ್ತು. ವಾಟ್ಸ್ಯಾಪ್‌ನವರು ಚಾಟ್ ಲಾಕ್ ಅಂತ ಹೊಸದಾಗಿ ತಂದಿದ್ದು ಆ ಮೇ ತಿಂಗಳಲ್ಲೇ. ಪಟ್ಟಿಯನ್ನು ಕೆಳಗೆ ಎಳೆದರೆ ಬೀಗ ಹಾಕಿದ ಚಾಟುಗಳ ಡಬ್ಬಿ ಕಾಣುತ್ತದೆ, ಬೆರಳಚ್ಚೋ ಫೋನಿನ ಪಾಸ್‌ವರ್ಡೋ ಕೊಡದೆ ತೆರೆಯಲ್ಲ. ಒಳಗೇನಿದೆ ಗೊತ್ತಾಗಲ್ಲ, ಏನೋ ಇದೆ ಅಂತ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಅವಳು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಅವಳು ಬಾಯಿ ಇಲ್ಲದವಳೇನಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಮಕ್ಕಳ ಅಪ್ಪಂದಿರನ್ನೂ ಬೈದು ಕಳಿಸುವವಳು. ನನಗನಿಸೋದು ಇಷ್ಟು: ತಾಳಿ ಕಟ್ಟಿದ ಕೂಡಲೇ ಹಕ್ಕು ಬಂದುಬಿಟ್ಟಿತ್ತು, ಸಲುಗೆ ಇನ್ನೂ ಬಂದಿರಲಿಲ್ಲ. ಹಕ್ಕು ಇರೋದರಿಂದ ಹೊಟ್ಟೆಕಿಚ್ಚು ಬರುತ್ತದೆ. ಸಲುಗೆ ಇಲ್ಲದ್ದರಿಂದ ಬಾಯಿ ಬರಲ್ಲ. ಆರು ತಿಂಗಳಾದರೂ ಓಡಾಡಿ, ಒಂದೆರಡು ಸಣ್ಣ ಜಗಳ ಮಾಡಿ ಮದುವೆಯಾಗಿದ್ದರೆ "ಏನ್ರೀ ಅದು ಬೀಗ?" ಅಂತ ನಗುತ್ತಲೇ ಕೇಳುತ್ತಿದ್ದಳು.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಆಷಾಢದಲ್ಲಿ ಬಸಿರಾದರೆ ಚೈತ್ರದ ಬಿಸಿಲಿಗೆ ಹೆರಿಗೆಯಾಗುತ್ತದೆ, ಅದಕ್ಕೇ ಈ ಪದ್ಧತಿ ಅಂತ ಹಿರಿಯರು ಹೇಳುತ್ತಾರೆ. ಗದ್ದೆ ಕೆಲಸದ ಕಾಲ, ಮನೆ ತುಂಬಾ ಜನ ಇರುತ್ತಿದ್ದ ಕಾಲದಲ್ಲಿ ಸರಿ ಇದ್ದಿರಬಹುದು. ಹುಡುಗಿಗೂ ಒಂದು ತಿಂಗಳು ಅಮ್ಮನ ಮನೆ, ಉಸಿರು ಬಿಡಲು ಜಾಗ. ಆದರೆ ಒಬ್ಬರನ್ನೊಬ್ಬರು ಅರಿಯದ ಇಬ್ಬರನ್ನು ಅವಸರ ಅವಸರವಾಗಿ ಕಟ್ಟಿ, ತಕ್ಷಣ ಬಿಡಿಸಿ, ನಡುವೆ ಒಂದು ಫೋನ್ ಇಡೋದು ಇದೆಯಲ್ಲ, ಅದು ಯಾವ ಶಾಸ್ತ್ರದಲ್ಲೂ ಇರಲಿಕ್ಕಿಲ್ಲ.

ಶಕ್ತಿ ಯೋಜನೆ ಶುರುವಾಗಿ ವಾರವಷ್ಟೇ ಆಗಿತ್ತು, ಬಸ್ಸಲ್ಲಿ ಕಾಲಿಡಲು ಜಾಗವಿಲ್ಲ. ಆಧಾರ್ ತೋರಿಸಿ ಶೂನ್ಯ ಟಿಕೆಟ್ಟಿನಲ್ಲಿ, ಅರ್ಧ ದಾರಿ ನಿಂತುಕೊಂಡೇ ಊರಿಗೆ ಬಂದಳು.

ನಮ್ಮ ಮನೆ ಇರೋದು ಆಗುಂಬೆ ಕಡೆ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಆ ಜೂನಿನಲ್ಲಿ ಮಳೆ ಕೈಕೊಟ್ಟಿತ್ತು, ಜುಲೈ ಬಂದಮೇಲೆ ಸರಿಯಾಗಿ ಹಿಡಿದುಕೊಂಡಿತು. ಗಾಳಿ ಬೀಸಿದರೆ ಮರ ಬೀಳುತ್ತೆ, ಮರ ಬಿದ್ದರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸತ್ತುಹೋಗುತ್ತೆ. ಸಿಗ್ನಲ್ ಬೇಕಂದ್ರೆ ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತಾ ತೋಟದ ಮೇಲಿನ ಗುಡ್ಡ ಹತ್ತಬೇಕು. ಅಲ್ಲಿ ಆಗುತ್ತಿದ್ದಿದ್ದು ಹೀಗೆ. ಗುಡ್ಡದ ಮೇಲೆ ಅವನ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ, ಅವಳು ತೆರೆಯುತ್ತಾಳೆ, ನೀಲಿ ಗೆರೆ ಅವನಿಗೆ ತಲುಪುತ್ತದೆ. ಉತ್ತರ ಬರೆಯುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಬೆಂಗಳೂರಲ್ಲಿ ಕೂತವನಿಗೆ ಕಾಣೋದು ಒಂದೇ, ಓದಿದ್ದಾಳೆ, ಮೂರು ಗಂಟೆಯಾದರೂ ಉತ್ತರ ಇಲ್ಲ. ಮಾರನೇ ದಿನ ಇವಳು ಗುಡ್ಡ ಹತ್ತಿ ನೋಡಿದರೆ ಅವನ ಲಾಸ್ಟ್ ಸೀನ್ ರಾತ್ರಿ ಎರಡು ಗಂಟೆ. ಯಾರ ಜೊತೆ?

ಈ ಮಧ್ಯೆ ಇನ್ನೊಂದಾಯಿತು. ಒಂದು ಸಂಜೆ ಬಸ್ಸು ಬರಲಿಲ್ಲ, ನಮ್ಮೂರ ಕಡೆ ಅವಳು ಕಲಿಸುತ್ತಿದ್ದ ಶಾಲೆಯ ಪಿ.ಟಿ. ಮೇಷ್ಟ್ರು ಬೈಕಿನಲ್ಲಿ ಮನೆ ದಾರಿ ತನಕ ಬಿಟ್ಟರು. ಅದನ್ನು ನೋಡಿದವರು ಯಾರೋ ಗೊತ್ತಿಲ್ಲ, ಸುದ್ದಿ ಶಿವಮೊಗ್ಗದಲ್ಲಿರುವ ಭಾವನ ಸೋದರತ್ತೆಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹೋಯಿತು. ನಮ್ಮೂರಲ್ಲಿ ಇದಕ್ಕೆ ಮಾತ್ರ ಸಿಗ್ನಲ್ ಬೇಡ. ಅವನೂ ಕೇಳಲಿಲ್ಲ. ಬದಲಿಗೆ ದಿನಾ ಸಂಜೆ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಫೋನ್ ಮಾಡತೊಡಗಿದ. "ಎಲ್ಲಿದೀಯ? ಅದೇನು ಗಾಡಿ ಸದ್ದು?" ತನ್ನ ಮೇಲೆ ಕಣ್ಣಿಟ್ಟು ಕಾಯುತ್ತಿದ್ದಾನೆ ಅಂತ ಅವಳಿಗೆ ಗೊತ್ತಾಗಲು ಎರಡು ದಿನ ಸಾಕಾಯಿತು. ಬೀಗ ಹಾಕಿಕೊಂಡವನು ತನ್ನನ್ನು ಕಾಯೋದಾ ಅಂತ ಸಿಟ್ಟು ಬೇರೆ.

ನನ್ನ ಪಾಡು ಕೇಳಬೇಡಿ. ಅವಳು ನನ್ನ ಹತ್ತಿರ ಹೇಳುತ್ತಿದ್ದಳು, "ಅಣ್ಣ, ಅವರಿಗೆ ಹೇಳಬೇಡ". ಅವನು ಫೋನ್ ಮಾಡಿ ಹೇಳುತ್ತಿದ್ದ, "ಭಾವ, ಅವಳಿಗೆ ಗೊತ್ತಾಗೋದು ಬೇಡ". ಅಮ್ಮ ದೇವರಿಗೆ ಹರಕೆ ಹೊತ್ತರು. ಚಿಕ್ಕಪ್ಪ ಒಬ್ಬರು ಅಡಿಕೆ ಸುಲಿಯೋರ ಮುಂದೆಯೇ ಡೈವೋರ್ಸ್ ಮಾತೆತ್ತಿದರು. ಪರಿಚಯದ ವಕೀಲರು ಅವರ ಬಾಯಿ ಮುಚ್ಚಿಸಿದರು. 1955ರ ಹಿಂದೂ ವಿವಾಹ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ತೀರಾ ಅಸಹನೀಯ ಕಷ್ಟ ಅಂತ ಕೋರ್ಟಿಗೆ ಅನಿಸದ ಹೊರತು, ಮದುವೆಯಾಗಿ ಒಂದು ವರ್ಷ ತುಂಬದೆ ಅರ್ಜಿಯನ್ನೇ ಹಾಕುವಂತಿಲ್ಲವಂತೆ. ಮದುವೆಗೆ ಮಾತ್ರ ಅಂಥ ಕಾಯುವ ಸೆಕ್ಷನ್ ಇಲ್ಲ, ಅಲ್ವಾ.

ಭೀಮನ ಅಮಾವಾಸ್ಯೆಗೆ ಅಳಿಯನನ್ನು ಕರೆಯಲೇಬೇಕು. ರಾತ್ರಿ ಬಸ್ಸಿಗೆ ಬಂದ. ಹೊಸ ಹೆಂಡತಿ ಒಂಬತ್ತು ವರ್ಷ ಮಾಡುವ ವ್ರತ, ಇದು ಮೊದಲನೆಯದು. ಹಿಟ್ಟಿನ ದೀಪ ಹಚ್ಚಿದಳು, ಒಂಬತ್ತು ಗಂಟಿನ ದಾರ ಕಟ್ಟಿಕೊಂಡಳು, ಅವನನ್ನು ಮಣೆ ಮೇಲೆ ಕೂರಿಸಿ ಕಾಲು ತೊಳೆದಳು. ಇಬ್ಬರ ಮುಖದಲ್ಲೂ ಏನೂ ಇಲ್ಲ. ನೆಂಟರೆಲ್ಲ ಫೋಟೋ ತೆಗೆದರು. ನಾನು ಹೊಸಿಲ ಮೇಲೆ ಮೊಣಕೈಯಿಂದ ಭಂಡಾರ ಒಡೆದೆ. ಅಮ್ಮ ಕಡುಬಿನ ಹಿಟ್ಟು ಗಟ್ಟಿಯಾಗಿ ಕಲಸಿಬಿಟ್ಟಿದ್ದರು, ಮೂರು ಏಟು ಬೇಕಾಯಿತು. ಒಳಗಿನ ನಾಣ್ಯ ಉರುಳಿಕೊಂಡು ಹೋಗಿ ಭಾವನ ಕಾಲ ಹತ್ತಿರ ನಿಂತಿತು. ಅವನು ನಕ್ಕ. ಅವಳು "ನಗೋದಕ್ಕೇನಿದೆ" ಅಂದಳು.

ಅಷ್ಟೇ ಸಾಕಾಯಿತು. ಊಟ ಆಗುವವರೆಗೆ ತಡೆದುಕೊಂಡರು. ಆಮೇಲೆ ಕೊಟ್ಟಿಗೆ ಪಕ್ಕದ ಕಟ್ಟಿಗೆ ಮನೆಯಲ್ಲಿ ಶುರುವಾದ ಜಗಳ ತೆಂಗಿನ ಮರದ ತುದಿಗೂ ಕೇಳಿಸಿರಬೇಕು. ಅಮ್ಮ ಎದ್ದು ಹೋಗಲು ಹೊರಟರೆ ನಮ್ಮಜ್ಜಿ ಕೈ ಹಿಡಿದು ಕೂರಿಸಿದರು. "ಸುಮ್ನೆ ಕೂತ್ಕೋ. ಈಗಾದ್ರೂ ಮಾತಾಡ್ತಿದಾವೆ."

ಬೀಗದೊಳಗೆ ಇದ್ದಿದ್ದು ಒಂದು ಹಳೆಯ ಸಂಬಂಧದ ಮಾತು. ನಮ್ಮ ಮನೆಗೆ ಬರುವ ಮುಂಚೆ ಮ್ಯಾಟ್ರಿಮನಿಯಲ್ಲಿ ಸಿಕ್ಕ ಹುಡುಗಿ, ಕೆಲವು ತಿಂಗಳು ಮಾತಾಡಿ, ಆ ಕಡೆಯವರು ಬೇಡ ಅಂದು ಮುರಿದುಬಿದ್ದಿತ್ತು. ಅವನಿಗೆ ಅಳಿಸಲು ಮನಸ್ಸು ಬಂದಿರಲಿಲ್ಲ. "ಹೊಸ ಹುಡುಗಿಗೆ ಅದೆಲ್ಲ ಹೇಳಬೇಡ" ಅಂತ ಅವನ ಅಮ್ಮನೂ ಹೇಳಿದ್ದರು. ಹಾಗಾಗಿ ತಂಗಿಯ ಅನುಮಾನ ಪೂರ್ತಿ ಸುಳ್ಳಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಏನೂ ಇರಲಿಲ್ಲ, ಹುಚ್ಚು ಹುಡುಗಿ ಸುಮ್ನೆ ಅನುಮಾನ ಪಟ್ಟಳು ಅಂತ ನೆಂಟರು ಕಥೆ ಮುಗಿಸುತ್ತಾರೆ. ಅವಳಿಗೆ ನೋವಾಗುವಂಥದ್ದು ಅಲ್ಲಿ ಇತ್ತು. ಅವಳು ಊಹಿಸಿದ್ದಕ್ಕಿಂತ ಸಣ್ಣದು, ಆದರೆ ಇತ್ತು. ಪಿ.ಟಿ. ಮೇಷ್ಟ್ರ ವಿಷಯಕ್ಕೆ ಬಂದರೆ, ಅವರಿಗೆ ಐವತ್ತೆಂಟು ವರ್ಷ. ಅದನ್ನು ಕೇಳಿ ಭಾವ ಐದು ನಿಮಿಷ ಮಾತೇ ಆಡಲಿಲ್ಲವಂತೆ.

ಅಧಿಕ ಮಾಸ ಮುಗಿಯುವವರೆಗೂ ಮಗಳು ಇಲ್ಲೇ ಇರಲಿ ಅನ್ನೋದು ಹಿರಿಯರ ಆಸೆ. ಅವಳು ಬಟ್ಟೆ ತುಂಬಿಕೊಂಡು ಹೊರಟಳು. ಅಧಿಕ ಮಾಸದಲ್ಲಿ ಅಳಿಯನಿಗೆ 33 ಅಪ್ಪ ಕೊಡಬೇಕು ಅಂತ ಅಮ್ಮನಿಗೆ ಚಿಂತೆ, ಆಮೇಲೆ ನನ್ನ ಕೈಲಿ ಡಬ್ಬಿ ಕಟ್ಟಿ ಬೆಂಗಳೂರಿಗೆ ಕಳಿಸಿದರು.

ಅಲ್ಲಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಆ ವರ್ಷ ಪೂರ್ತಿ ಜಗಳವೇ. ಒಮ್ಮೆ ಇವಳು ಗೆಳತಿ ಮನೆಗೆ ಹೋಗಿ ಉಳಿದಿದ್ದೂ ಇದೆ, ಇಬ್ಬರೂ ಕೆಲವು ತಿಂಗಳು ಕೌನ್ಸೆಲರ್ ಹತ್ತಿರ ಹೋಗಿದ್ದೂ ಇದೆ. ಅವನು ಶಿಫ್ಟ್ ಬದಲಿಸಿಕೊಂಡ. ಅವಳು ಈಗಲೂ ಲಾಸ್ಟ್ ಸೀನ್ ನೋಡುತ್ತಾಳೆ, ನೋಡಿದೆ ಅಂತ ಅವನಿಗೆ ಹೇಳುತ್ತಾಳೆ ಕೂಡ.

ಇದನ್ನು ಹಾಕುವ ಮುಂಚೆ ಇಬ್ಬರಿಗೂ ಓದಲು ಕಳಿಸಿದ್ದೆ. ಭಾವ ಒಂದು ಪ್ಯಾರಾ ತೆಗೆ ಅಂದ, ತೆಗೆದೆ. ಅದರಲ್ಲಿ ಏನಿತ್ತು ಅಂತ ತಂಗಿ ಫೋನ್ ಮಾಡಿದಳು. ಅವನನ್ನೇ ಕೇಳು ಅಂದೆ. ಕೇಳಿದಳಂತೆ.