ಮೂರ್ತಿಗಳ ನಡುವೆ ಒಂದು ಆಪೆರಾ

ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಹೋದವ್ರಿಗೆ ಅಮೆರಿಕನ್ ವಿಂಗ್‌ನ ಎಂಗಲ್‌ಹಾರ್ಡ್ ಕೋರ್ಟ್ ಅನ್ನೋ ಅಂಗಳ ನೆನಪಿರತ್ತೆ, ಮೇಲೆ ಗಾಜಿನ ಚಾವಣಿ, ಸುತ್ತಲೂ ಮೂರ್ತಿಗಳು, ಒಂಟಿ ಕಾಲಲ್ಲಿ ನಿಂತು ಬಿಲ್ಲು ಎಳೀತಿರೋ ಹೊಂಬಣ್ಣದ ಬೇಟೆ ದೇವತೆ ಡಯಾನಾ, ಒಂದು ಬದೀಲಿ ವಾಲ್ ಸ್ಟ್ರೀಟ್‌ನಿಂದ ಕಳಚಿ ತಂದು ನಿಲ್ಲಿಸಿರೋ 1820ರ ದಶಕದ ಬ್ಯಾಂಕಿನ ಇಡೀ ಮುಂಭಾಗ.

2020ರ ಫೆಬ್ರವರೀಲಿ ಅಲ್ಲೇ 'ದಿ ಮದರ್ ಆಫ್ ಅಸ್ ಆಲ್' ಅನ್ನೋ ಆಪೆರಾ, ಅಂದ್ರೆ ಹಾಡಲ್ಲೇ ನಡೆಯೋ ನಾಟಕ, ಆಡಿದ್ರು. ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಬರೆದ ಪಠ್ಯ, ವರ್ಜಿಲ್ ಥಾಮ್ಸನ್ ಸಂಗೀತ, ಮೊದಲ ಪ್ರದರ್ಶನ 1947ರಲ್ಲಿ, ಅಷ್ಟೊತ್ತಿಗೆ ಸ್ಟೈನ್ ತೀರಿಕೊಂಡಿದ್ರು. ಹೆಂಗಸರಿಗೆ ವೋಟಿನ ಹಕ್ಕು ತಂದ ಅಮೆರಿಕ ಸಂವಿಧಾನದ 19ನೇ ತಿದ್ದುಪಡಿಗೆ ನೂರು ವರ್ಷ ಆಯ್ತು ಅಂತ ಮ್ಯೂಸಿಯಂ, ಜೂಲಿಯಾರ್ಡ್ ಸಂಗೀತ ಶಾಲೆ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಸೇರಿ ಮಾಡಿದ್ದು.

ಕಥೆ ಹೆಂಗಸರ ವೋಟಿನ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಥನಿದು, ಮೊದ್ಲು ಮೇಷ್ಟ್ರಮ್ಮ ಆಗಿದ್ದಾಕೆ. 1872ರಲ್ಲಿ ರಾಚೆಸ್ಟರ್‌ನಲ್ಲಿ ಹೆಂಗಸರಿಗೆ ಹಕ್ಕಿಲ್ಲದಿದ್ರೂ ಹೋಗಿ ವೋಟು ಹಾಕೇ ಬಿಟ್ಟಾಕೆ, ಅರೆಸ್ಟ್ ಆಯ್ತು, ಕೋರ್ಟು 100 ಡಾಲರ್ ದಂಡ ಹಾಕ್ತು, ಆಕೆ ಕೊಡ್ಲೇ ಇಲ್ಲ. 1906ರಲ್ಲಿ ತೀರ್ಕೊಂಡ್ರು, ತಿದ್ದುಪಡಿ ಬಂದಿದ್ದು 1920ಕ್ಕೆ. ಆದ್ರೆ ಸ್ಟೈನ್ ಇದನ್ನ ಇಸವಿ ಪ್ರಕಾರ ಹೇಳಲ್ಲ, ಬೇರೆ ಬೇರೆ ಕಾಲದ ರಾಜಕಾರಣಿಗಳಾದ ಡೇನಿಯಲ್ ವೆಬ್‌ಸ್ಟರ್, ಜಾನ್ ಆಡಮ್ಸ್, ಗ್ರಾಂಟ್ ಎಲ್ಲರನ್ನೂ ಒಂದೇ ರಂಗದ ಮೇಲೆ ತಂದು ನಿಲ್ಲಿಸ್ತಾರೆ. ನಂಗೆ ತುಂಬಾ ಇಷ್ಟ ಆಗೋ ಜೋಡಿ ಜೋ ಮತ್ತು ಇಂಡಿಯಾನಾ, ಮದುವೆ ಆದ್ರೂ ಗಂಡನ ಹೆಸ್ರು ಇಟ್ಕೊಳ್ಳಲ್ಲ ಅಂತಾಳೆ ಅವ್ಳು, ಕೊನೆಗೆ ಇಬ್ರೂ ಹೆಸ್ರು ಅದಲು ಬದಲು ಮಾಡ್ಕೋತಾರೆ. ಇನ್ನೊಂದು ಕಡೆ ಸೂಸನ್ ಒಬ್ಬ ಕಪ್ಪು ಗಂಡಸನ್ನ ಕೇಳ್ತಾಳೆ, ನಂಗೆ ವೋಟಿಲ್ಲದಿದ್ರೂ ನೀನು ಹಾಕ್ತೀಯಾ ಅಂತ, ಅವನು ಹಾಕೇ ಹಾಕ್ತೀನಿ ಅಂತಾನೆ. ಆ ಉತ್ತರದಲ್ಲಿ ಹೆಂಗಸರ ವೋಟಿನ ಚಳವಳಿ ಒಡೆದ ಜಾಗ ಇದೆ: 1870ರ 15ನೇ ತಿದ್ದುಪಡಿ ಬಣ್ಣ ನೋಡಿ ವೋಟು ತಪ್ಪಿಸಬಾರದು ಅಂತು, ಹೆಂಗಸರ ಸುದ್ದಿ ಎತ್ಲಿಲ್ಲ. ಮ್ಯೂಸಿಯಂ ಶುರುವಾಗಿದ್ದೂ ಅದೇ ವರ್ಷ.

ಕೊನೇ ದೃಶ್ಯದಲ್ಲಿ ಸೂಸನ್ ಸತ್ತಿದ್ದಾಳೆ, ಅವಳ ಮೂರ್ತಿ ಅನಾವರಣ, ಗೌರವ ಸಲ್ಲಿಸೋಕೆ ಎಲ್ಲರೂ ಬಂದಿದ್ದಾರೆ, ಎಲ್ಲರೂ ಹೋದ್ಮೇಲೆ ಆಕೆ ದನಿ ಒಂದೇ ಉಳಿದು ಇಷ್ಟು ದೀರ್ಘ ಬದುಕಲ್ಲಿ ಏನು ಸಿಕ್ತು ಅಂತ ಹಾಡತ್ತೆ. ಥಿಯೇಟರ್‌ನಲ್ಲಿ ಇದಕ್ಕೆ ಸೆಟ್ ಹಾಕ್ಬೇಕು. ಇಲ್ಲಿ ನಿಜವಾದ ಮೂರ್ತಿಗಳೇ ಸುತ್ತ ನಿಂತಿವೆ, ಅದ್ರಲ್ಲಿ ಹೆಣ್ಣಿನ ರೂಪ ಅಂದ್ರೆ ಬಹುಪಾಲು ದೇವತೆಗಳು, ಪುರಾಣದವ್ರು. ಹಂಗಾಗಿ ಹೋರಾಡಿ ಸೋತು ಮತ್ತೆ ಎದ್ದ ಒಬ್ಬ ಮೇಷ್ಟ್ರಮ್ಮ ಅಲ್ಲಿ ನಿಂತು ಹಾಡಿದ್ದು ಸರಿಯಾದ ಜಾಗದಲ್ಲಿ ಕೇಳಿದ ಸರಿಯಾದ ಪ್ರಶ್ನೆ ಅಂತ ನಂಗನ್ನಿಸತ್ತೆ.

ಮುಂದಿನ ತಿಂಗಳೇ ಕೋವಿಡ್ ಬಂದು ಮ್ಯೂಸಿಯಂ ಬಾಗಿಲು ಹಾಕ್ತು. ಕೇಳ್ಬೇಕು ಅನ್ನೋರು ಸಾಂಟಾ ಫೆ ಆಪೆರಾ ತಂಡದ 1976ರ ರೆಕಾರ್ಡಿಂಗ್ ಹುಡುಕಿ, ಪೂರ್ತಿ ಕೇಳೋಕೆ ಟೈಮಿಲ್ಲ ಅಂದ್ರೆ ಕೊನೇ ದೃಶ್ಯ ಒಂದನ್ನಾದ್ರೂ ಕೇಳಿ.